ಕಾಜಾ ಅಕ್ಕ ಕೇಳಿದ ಎರಡನೆಯ ಪ್ರಶ್ನೆ

ನಮ್ಮ ಸಾಲುಮನೆಗಳಲ್ಲಿ ಅವಳನ್ನು ಎಲ್ಲರೂ ಕಾಜಾ ಅಕ್ಕ ಎಂದೇ ಕರೆಯುವುದು. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿದೆಯಲ್ಲ, ಅದರ ಅಂಚು ಬಿಚ್ಚಿಹೋಗದ ಹಾಗೆ ದಾರ ಸುತ್ತಿ ಹೊಲಿಯುವುದಕ್ಕೆ ಕಾಜಾ ಎನ್ನುತ್ತಾರೆ. ದರ್ಜಿ ಅಂಗಡಿಗಳಿಂದ ಅಂಗಿಗಳ ಗಂಟು ಅವಳ ಮನೆಗೆ ಬರುತ್ತದೆ. ಬೆಳಗ್ಗೆ ಹೊಸ್ತಿಲ ಮೇಲೆ ಕೂತು, ದಾರವನ್ನು ಮೇಣದ ತುಂಡಿನ ಮೇಲೆ ಎಳೆದು, ಬ್ಲೇಡಿನಿಂದ ಬಟ್ಟೆ ಸೀಳಿ ಶುರು ಮಾಡಿದಳೆಂದರೆ ತಲೆ ಎತ್ತುವುದು ಬಿಸಿಲು ಮಡಿಲಿಗೆ ಬಂದಾಗಲೇ. ಮಾತು ಕಡಿಮೆ. ಹಲ್ಲಿನ ನಡುವೆ ಸೂಜಿ ಇಟ್ಟುಕೊಂಡವಳು ಎಷ್ಟು ತಾನೆ ಮಾತಾಡಿಯಾಳು ಎಂದು ಅವಳ ಗಂಡನೇ ತಮಾಷೆ ಮಾಡುತ್ತಿದ್ದ.

ಆ ಗಂಡನಿಗೋ ಬಾಯಿಗೆ ಬಿಡುವೇ ಇರಲಿಲ್ಲ. ಜನರೇಟರ್ ರಿಪೇರಿ ಮಾಡುವವನು, ಎಲ್ಲರಿಗೂ ಮೇಸ್ತ್ರಿ. ಕೆಲಸದಿಂದ ಬಂದು ಕೈಕಾಲು ತೊಳೆಯುವ ಮೊದಲೇ ಬೀದಿಯಲ್ಲಿ ನಿಂತು ನಾಲ್ಕು ಜನರನ್ನು ನಗಿಸಿ ಆಮೇಲೆ ಒಳಗೆ ಹೋಗುವನು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಗೋಡೆ ಎಂದರೆ ಹೆಸರಿಗೆ ಗೋಡೆ. ಅವರ ಮನೆಯಲ್ಲಿ ಚಮಚ ಬಿದ್ದರೆ ನಾನು ಇಲ್ಲಿ ಬಗ್ಗಿ ನೋಡುತ್ತೇನೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಅವಳು ಹೇಳಿದ್ದು, ಅರ್ಧ ಗೋಡೆ ಹೇಳಿದ್ದು.

ಅವರಿಗೆ ಮಕ್ಕಳಿಲ್ಲ. ಒಂದು ಹೆಣ್ಣು, ಹುಟ್ಟುವಾಗಲೇ ಹೋಯಿತು. ಅದು ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಆಟೋದಿಂದ ಅವಳು ಬರಿಗೈಯಲ್ಲಿ ಇಳಿದದ್ದನ್ನು ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದೆವು. ಆಮೇಲೆ ಆ ಮಾತನ್ನು ಅವರಿಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಕೇಳಿಸುತ್ತಿತ್ತು.

ಮೇಸ್ತ್ರಿ ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಮುಚ್ಚಿತು. ಬೇರೆ ಕಡೆ ಕೆಲಸ ಸಿಗಲಿಲ್ಲ. ಕಡೆಗೆ ಒಂದು ಗಣಿ ಕಂಪನಿಯವರು ದೂರದ ದೇಶದ ತಮ್ಮ ಕ್ಯಾಂಪಿಗೆ ಜನರೇಟರ್ ನೋಡಿಕೊಳ್ಳುವವರು ಬೇಕೆಂದರು. ಸೊಳ್ಳೆ ಜ್ವರಕ್ಕೂ ಬಂದೂಕಿಗೂ ಹೆಸರಾದ ದೇಶ. ಮೇಸ್ತ್ರಿ ಒಪ್ಪಿಕೊಂಡ. ಅವನ ಜೊತೆ ಗ್ರೀಸ್ ಕೂಡ ಹೊರಟ. ಗ್ರೀಸ್ ನಮ್ಮ ಸಾಲಿನ ಕೊನೆ ಮನೆಯವನು, ಮೂವತ್ತು ದಾಟಿದ ಒಂಟಿ ಗಂಡಸು, ವರ್ಕ್‌ಶಾಪಿನಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು. ಎಷ್ಟು ಉಜ್ಜಿದರೂ ಉಗುರಿನ ಕಪ್ಪು ಹೋಗದ್ದರಿಂದ ಆ ಹೆಸರು ಬಿದ್ದಿತ್ತು. ಮೇಸ್ತ್ರಿಯನ್ನು ಅಣ್ಣ ಎನ್ನುತ್ತಿದ್ದ, ಇವಳನ್ನು ಅತ್ತಿಗೆ.

ಹೊರಡುವ ಮೊದಲು ಕಂಪನಿಯವರು ಹೋಗುವವರನ್ನೂ ಮನೆಯವರನ್ನೂ ಒಂದು ದಿನ ಕರೆಸಿದರು. ಕಾಜಾ ನನ್ನನ್ನೂ ಎಳೆದುಕೊಂಡು ಹೋದಳು. “ನನಗೆ ಮರೆತದ್ದು ನಿಮಗೆ ನೆನಪಿರುತ್ತೆ ದೊಡ್ಡಮ್ಮ, ಬನ್ನಿ.”

ಉದ್ದನೆಯ ಹಾಲು, ಪ್ಲಾಸ್ಟಿಕ್ ಕುರ್ಚಿಗಳು, ಟಕಟಕ ಎನ್ನುವ ಫ್ಯಾನು. ಎದುರಿಗೆ ಒಂದು ಕಬ್ಬಿಣದ ಮಂಚ ಹಾಕಿ ಅದಕ್ಕೆ ಸೊಳ್ಳೆ ಪರದೆ ಕಟ್ಟಿದ್ದರು. ಸುರಕ್ಷತೆಯ ಸಾಹೇಬರು ಎಂದು ಒಬ್ಬರು, ಸೈನ್ಯದಲ್ಲಿದ್ದು ನಿವೃತ್ತಿಯಾದವರು, ಬೂಟು ಸಮೇತ ಆ ಪರದೆಯೊಳಗೆ ಮಲಗಿ ಅಂಚನ್ನು ಹಾಸಿಗೆಯ ಕೆಳಗೆ ಹೇಗೆ ಸಿಕ್ಕಿಸಬೇಕೆಂದು ತೋರಿಸಿದರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅವರು ಎದ್ದು ನಿಂತು ಹೇಳಿದ್ದು ಮಾತ್ರ ನಗುವ ಮಾತಲ್ಲ. ಸೀಲು ಒಡೆಯದ ಬಾಟಲಿ ನೀರೇ ಕುಡಿಯಬೇಕು, ಇಲ್ಲವೇ ಕುದಿಸಿದ್ದು. ಐಸು ಮುಟ್ಟಬಾರದು. ದಿನಾ ಒಂದೇ ದಾರಿಯಲ್ಲಿ ಒಂದೇ ಹೊತ್ತಿಗೆ ಹೋಗಬಾರದು. ಜ್ವರ ತಡೆಯುವ ಮಾತ್ರೆ ವಾರಕ್ಕೊಂದು. ಹೋಗುವ ಮೊದಲೇ ಶುರು ಮಾಡಬೇಕು, ಅಲ್ಲಿರುವಷ್ಟು ದಿನವೂ ಬಿಡಬಾರದು, ವಾಪಸು ಬಂದ ಮೇಲೂ ಒಂದು ತಿಂಗಳು ನುಂಗಬೇಕು.

“ಬಂದ ಮೇಲೆ ಯಾಕೆ ಸಾರ್? ಸೊಳ್ಳೆ ಏನು ವಿಮಾನ ಹತ್ತಿ ಹಿಂದೆ ಬರುತ್ತಾ?” ಎಂದ ಮೇಸ್ತ್ರಿ.

“ಸೊಳ್ಳೆ ಬರಲ್ಲಪ್ಪಾ. ಅದು ಬಿಟ್ಟುಹೋದದ್ದು ನಿನ್ನ ಒಳಗೇ ಕೂತು ಬರುತ್ತೆ. ಮನೆ ತಲುಪಿದೆ, ಇನ್ನೇನು ಅಂತ ಮಾತ್ರೆ ಬಿಟ್ಟು ಸತ್ತವರಿದ್ದಾರೆ.”

ಕಡೆಗೆ ಸಾಹೇಬರು ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. “ದೇವರ ದಯದಿಂದ ಆಗದೇ ಇರ್ಲಿ. ಅಕಸ್ಮಾತ್ ಯಾರಾದ್ರೂ ನಮ್ಮವರನ್ನ ಹಿಡ್ಕೊಂಡು ಹೋದ್ರೆ, ಹಿಡ್ಕೊಂಡವರೂ ಫೋನ್ ಮಾಡ್ತಾರೆ, ಹಿಡಿಯದವರೂ ಫೋನ್ ಮಾಡ್ತಾರೆ. ಆಳು ನಿಜವಾಗಿ ಅವರ ಹತ್ರ ಇದಾನಾ, ಜೀವಂತ ಇದಾನಾ, ಹೇಗೆ ಗೊತ್ತಾಗ್ಬೇಕು? ಅದಕ್ಕೆ ಗಂಡ ಹೆಂಡತಿ ಕೂತು ಒಂದು ಪ್ರಶ್ನೆ ಇಟ್ಕೊಳ್ಳಿ. ಉತ್ತರ ನಿಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಬಾರದು. ಎಲ್ಲೂ ಬರೀಬೇಡಿ. ತಲೇಲಿ ಇಟ್ಕೊಳ್ಳಿ.”

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, “ಸಾರ್, ನಮ್ಮನೆಯವರಿಗೆ ಮದುವೆ ಆದ ವರ್ಷವೇ ನೆನಪಿಲ್ಲ. ಏನು ಕೇಳಿದ್ರೂ ಸತ್ತಿದ್ದಾರೆ ಅಂತಲೇ ಆಗುತ್ತೆ” ಎಂದಳು. ಹಾಲೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಕಾಜಾ ನಗಲಿಲ್ಲ, ತನ್ನ ಬೆರಳನ್ನು ನೋಡುತ್ತ ಕೂತಿದ್ದಳು.

ಆಮೇಲಿನ ದಿನಗಳೆಲ್ಲ ತಯಾರಿಯ ದಿನಗಳು. ಎರಡೂ ತೋಳಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದು ಮೇಸ್ತ್ರಿ ಮೈ ಬಿಸಿ ಮಾಡಿಕೊಂಡು ಮಲಗಿದ. “ಹೋಗೋ ಮೊದಲೇ ಆ ದೇಶ ನನ್ನ ಹೊಡೆದು ಹಾಕ್ತು ನೋಡು” ಎಂದು ಮಲಗಿದಲ್ಲಿಂದಲೇ ಕೂಗುತ್ತಿದ್ದ. ಮಾತ್ರೆಗೆ ಬುಧವಾರ ಗೊತ್ತು ಮಾಡಿದರು, ದರ್ಜಿ ಅಂಗಡಿಗೆ ಹೊಲಿದದ್ದನ್ನು ಕೊಡುವ ದಿನ ಅದೇ ಆದ್ದರಿಂದ ಮರೆಯುವುದಿಲ್ಲವೆಂದು. ಅವನು ಮಾತ್ರೆ ನುಂಗಿ ನೀರು ಕುಡಿಯುವತನಕ ಅವಳು ಎದುರಿಗೇ ನಿಂತಿರುತ್ತಿದ್ದಳು. ಅವನ ಪ್ಯಾಂಟುಗಳ ಸೊಂಟದ ಪಟ್ಟಿಯ ಒಳಗಡೆ ಒಂದೊಂದು ಸಣ್ಣ ಜೇಬು ಹೊಲಿದಳು, ಮಾತ್ರೆಯ ಒಂದು ಪಟ್ಟಿ ಹಿಡಿಸುವಷ್ಟು. ಬಾಯಿಗೆ ಗುಂಡಿ, ಕಾಜಾ. ಹೊರಗಿನಿಂದ ತಡವಿದರೂ ಗೊತ್ತಾಗದು. “ಚೀಲ ಕಳೆದ್ರೂ ಪ್ಯಾಂಟು ಮೈಮೇಲಿರುತ್ತೆ” ಎಂದಳು. “ಪ್ಯಾಂಟೂ ಕಿತ್ಕೊಂಡ್ರೆ?” ಎಂದನಂತೆ ಅವನು. “ಆಗ ನಾಚಿಕೆಗೇ ಸಾಯ್ತೀರಿ, ಜ್ವರ ಯಾಕೆ” ಎಂದಳು. ಅವಳು ಹಾಗೆ ತಿರುಗಿ ಮಾತಾಡಿದ್ದು ಅಪರೂಪ.

ಪ್ರಶ್ನೆಯ ಮಾತು ಬಂದದ್ದು ಒಂದು ಸಂಜೆ, ಅವನು ಊಟಕ್ಕೆ ಕೂತಿದ್ದಾಗ.

“ರೀ, ಆ ಪ್ರಶ್ನೆಗೆ ನನ್ನ ಹತ್ರ ಒಂದಿದೆ.”

“ಏನು?”

“ಅವಳಿಗೆ ನಾವು ಇಡಬೇಕು ಅಂದ್ಕೊಂಡಿದ್ದ ಹೆಸರು. ಅದು ಯಾರಿಗೂ ಗೊತ್ತಿಲ್ಲ.”

ತಟ್ಟೆಯ ಸದ್ದು ನಿಂತಿತು. “ಬೇಡ” ಎಂದ ಅವನು.

“ಯಾಕೆ? ಸಾಹೇಬರು ಹೇಳಿದ್ದು ಅಂಥದ್ದನ್ನೇ ಅಲ್ವಾ?”

“ಬೇಡ ಅಂದ್ನಲ್ಲ. ಯಾವನೋ ಎದೆಗೆ ಬಂದೂಕು ಇಟ್ಟು ಹೇಳು ಅಂದ್ರೂ ಅದು ನನ್ನ ಬಾಯಿಂದ ಬರಲ್ಲ. ಅಂಥವರ ಬಾಯಿಗೆ ಆ ಹೆಸರು ಬೀಳೋದು ಬೇಡ ಕಣೇ. ಬೇರೆ ಇಟ್ಕೊ.”

ಬೇರೆ ಇಟ್ಟುಕೊಂಡರು. ಮದುವೆಯಾದ ಹೊಸದರಲ್ಲಿ ಅವನು ಅವಳಿಗೆ ಮೊದಲು ತಂದುಕೊಟ್ಟದ್ದು ಏನು? ಬ್ಯಾಟರಿ ಇಲ್ಲದ ಟಾರ್ಚು. ಅಂಗಡಿಯವನು ಬ್ಯಾಟರಿ ಬೇರೆ ಕೊಳ್ಳಬೇಕೆಂದು ಹೇಳಿರಲಿಲ್ಲ. ಇವನು ಹೆಂಡತಿಯ ಮುಂದೆ ಗತ್ತಿನಿಂದ ಗುಂಡಿ ಒತ್ತಿದ, ಬೆಳಕು ಬರಲಿಲ್ಲ. ಹೇಳಿಕೊಂಡು ಇಬ್ಬರೂ ನಗುವುದು ನನಗೆ ಕೇಳಿಸಿತು. ಇಷ್ಟು ವರ್ಷದಲ್ಲಿ ಆ ಟಾರ್ಚಿನ ವಿಷಯ ನನಗೂ ಗೊತ್ತಿರಲಿಲ್ಲ ಎಂದ ಮೇಲೆ ಗುಟ್ಟಿನ ಮಾತೇ ಸರಿ.

ಆದರೆ ಗುಟ್ಟು ಮೇಸ್ತ್ರಿಯ ಹೊಟ್ಟೆಯಲ್ಲಿ ಎಷ್ಟು ದಿನ ಇದ್ದೀತು? ಹೊರಡುವ ಹಿಂದಿನ ದಿನ ಬೀದಿಯವರೆಲ್ಲ ಅವನನ್ನೂ ಗ್ರೀಸನ್ನೂ ಕೂರಿಸಿ ಟೀ ಕೊಟ್ಟೆವು. ಎಲ್ಲರ ಮುಖ ಜೋತುಬಿದ್ದಿತ್ತು. ಜನ ಸುಮ್ಮನೆ ಕೂರುವುದನ್ನು ಅವನು ಸಹಿಸಿದವನೇ ಅಲ್ಲ. “ಕಳ್ಳರು ನನ್ನ ಹಿಡಿದ್ರೆ ಇವಳು ಏನು ಕೇಳ್ತಾಳೆ ಗೊತ್ತಾ?” ಎಂದು ಶುರು ಮಾಡಿ, ಎದ್ದು ನಿಂತು, ಗುಂಡಿ ಒತ್ತುವ ಹಾಗೆ ಹೆಬ್ಬೆರಳು ಆಡಿಸಿ, ಟಾರ್ಚಿನ ಕಥೆ ಪೂರ್ತಿ ಹೇಳಿಬಿಟ್ಟ. ಗ್ರೀಸ್ ಟೀ ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. ಕಾಜಾ ಬಾಗಿಲಲ್ಲಿ ನಿಂತಿದ್ದಳು. “ರೀ” ಎಂದಳು ಒಂದೇ ಸಲ. ನಗುವಿನಲ್ಲಿ ಅವನಿಗೆ ಕೇಳಿಸಲಿಲ್ಲ. ಮಾರನೆಯ ದಿನದಿಂದ ಮಕ್ಕಳಿಗೆ ಅದೇ ಆಟ. ಒಬ್ಬನ ಕೈ ಟವೆಲಿನಿಂದ ಕಟ್ಟುವುದು, “ಏನು ತಂದುಕೊಟ್ಟೆ?” ಎನ್ನುವುದು, “ಬ್ಯಾಟರಿ ಇಲ್ಲದ ಟಾರ್ಚು!” ಎಂದು ಅವನು ಕಿರುಚಿದರೆ ಬಿಟ್ಟುಬಿಡುವುದು.

ಅವನು ಹೋದ. ಬುಧವಾರ ಬುಧವಾರ ಫೋನು ಬರುತ್ತಿತ್ತು. ಅವಳ ಮೊದಲ ಮಾತು ಯಾವಾಗಲೂ ಒಂದೇ: “ನುಂಗಿದ್ರಾ?” ಆಮೇಲೆ ಪೂರ್ತಿ ಅವನದೇ ಮಾತು. ಪರದೆಯೊಳಗೆ ಮೀನಿನ ಹಾಗೆ ಮಲಗುತ್ತೇವೆ ಎನ್ನುವನು, ಗ್ರೀಸ್ ಗೊರಕೆಗೆ ಸೊಳ್ಳೆಗಳೇ ಹೆದರುತ್ತವೆ ಎನ್ನುವನು. ಹೀಗೇ ಹಲವು ತಿಂಗಳು ನಡೆಯಿತು.

ಒಂದು ಬುಧವಾರ ಫೋನು ಬರಲಿಲ್ಲ. ಮಾರನೆಯ ದಿನ ಸುರಕ್ಷತೆಯ ಸಾಹೇಬರೇ ಬಂದರು. ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಜೀಪಿನಲ್ಲಿ ಹೋಗುವಾಗ ದಾರಿಯಲ್ಲಿ ಅಡ್ಡ ಹಾಕಿ ಇಬ್ಬರನ್ನೂ ಕರೆದುಕೊಂಡು ಹೋಗಿದ್ದಾರೆ, ಮೇಸ್ತ್ರಿ ಮತ್ತು ಗ್ರೀಸ್. ಡ್ರೈವರನ್ನು ಬಿಟ್ಟಿದ್ದಾರೆ. ಸಾಹೇಬರು ನಿಂತೇ ಹೇಳಿದರು. ಕೂತುಕೊಳ್ಳಿ ಎಂದು ಯಾರಿಗೂ ಹೊಳೆಯಲಿಲ್ಲ. ಕಾಜಾ ಕೇಳಿದ್ದು, “ಮೈಮೇಲೆ ಯಾವ ಪ್ಯಾಂಟಿತ್ತು?” ಎಂದು. ಸಾಹೇಬರು ಪಾಪ, ನನ್ನ ಮುಖ ನೋಡಿದರು.

ಅಲ್ಲಿಂದ ಮುಂದೆ ವಾರಗಳು ಹೇಗೆ ಹೋದವೋ. ಯಾರೂ ಫೋನು ಮಾಡಲಿಲ್ಲ, ಹಿಡಿದವರೂ ಇಲ್ಲ, ಹಿಡಿಯದವರೂ ಇಲ್ಲ. ಅವಳು ಕಾಜಾ ಹಾಕುತ್ತಲೇ ಇದ್ದಳು. ಕಡೆಗೊಂದು ದಿನ ಕಂಪನಿಗೆ ಕರೆ ಬಂತು, ಇಬ್ಬರೂ ನಮ್ಮ ಹತ್ತಿರ ಇದ್ದಾರೆಂದು. ಸಾಹೇಬರು ಬಂದು ಪ್ರಶ್ನೆಯನ್ನೂ ಅದರ ಉತ್ತರವನ್ನೂ ಕೇಳಿಕೊಂಡು ಹೋದರು. ಕೆಲವು ದಿನ ಬಿಟ್ಟು ಓಡಿಬಂದರು. “ಅಮ್ಮಾ, ಉತ್ತರ ಬಂತು. ಬ್ಯಾಟರಿ ಇಲ್ಲದ ಟಾರ್ಚು!”

ಬೀದಿಗೆ ಬೀದಿಯೇ ಅತ್ತು ನಕ್ಕು ಗದ್ದಲವಾಯಿತು. ಮೂಲೆಮನೆಯ ಇಸ್ತ್ರಿಯವಳು ಕಾಜಾಳನ್ನು ತಬ್ಬಿಕೊಂಡು, “ಇನ್ನೇನು, ಬಂದೇ ಬಿಟ್ಟ ನಿನ್ನ ಗಂಡ” ಎಂದಳು. ಕಾಜಾ ಕಂಬದ ಹಾಗೆ ನಿಂತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು.

“ಗ್ರೀಸ್‌ಗೂ ಗೊತ್ತಿತ್ತಲ್ಲ ದೊಡ್ಡಮ್ಮ.”

ನನ್ನ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

“ಮೇಸ್ತ್ರಿಯೇ ಹೇಳಿರಬಹುದಲ್ಲ ತಾಯೀ.”

“ಹೇಳಿರಬಹುದು. ಹೇಳದೇನೂ ಇರಬಹುದು. ಗ್ರೀಸ್ ಒಬ್ಬ ಬದುಕಿದ್ರೂ ಇದೇ ಉತ್ತರ ಬರ್ತಿತ್ತು.”

ಮಾರನೆಯ ದಿನ ಅವಳ ಅನುಮಾನ ಇಸ್ತ್ರಿಯವಳಿಗೂ ತಿಳಿಯಿತು, ಮಿಕ್ಕವರಿಗೂ. ಸಮಾಧಾನ ಹೇಳಿದವರಿಗಿಂತ ಬೈದವರೇ ಹೆಚ್ಚು. “ಕಂಪನಿಯವರೇ ಸರಿ ಅಂತ ಒಪ್ಪಿರುವಾಗ ನೀನ್ಯಾಕೆ ಕೆದಕ್ತೀಯೇ? ಸುಮ್ಮನಿರು. ಇಬ್ಬರೂ ಬರ್ತಾರೆ.” ಅವಳು ಮಾತ್ರ ಸಾಹೇಬರು ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಹಣೆ ಹಿಡಿದುಕೊಂಡರು. “ಟೀ ಕುಡೀತಾ ಎಲ್ಲರಿಗೂ ಹೇಳಿದ್ನಾ? ಇದೇನಮ್ಮಾ ಇದು?” ಆಮೇಲೆ ದನಿ ಇಳಿಸಿ, “ಇನ್ನೊಂದು ಪ್ರಶ್ನೆ ಕಳಿಸಬಹುದು. ಆದ್ರೆ ಮಾತುಕತೆ ಹಿಂದೆ ಬೀಳುತ್ತೆ. ಆ ಜನಕ್ಕೆ ಸಿಟ್ಟೂ ಬರಬಹುದು. ಯೋಚನೆ ಮಾಡಿ ಹೇಳಿ” ಎಂದರು.

ಆ ಮಧ್ಯಾಹ್ನ ಅವಳು ಒಂದು ಅಂಗಿ ಕೆಡಿಸಿದಳು. ಸೀಳು ಬೆರಳುದ್ದ ಹೋಗಿತ್ತು. ನಾನು ಕಂಡಂತೆ ಅವಳ ಕೈಯಲ್ಲಿ ಕೆಟ್ಟ ಮೊದಲ ಬಟ್ಟೆ ಅದು. ಅದನ್ನು ಮಡಚಿ ಪಕ್ಕಕ್ಕಿಟ್ಟು, “ಅವರು ಬೇಡ ಅಂದಿದ್ರು ದೊಡ್ಡಮ್ಮ” ಎಂದಳು. “ಆದ್ರೆ ನನಗೆ ಗೊತ್ತಾಗ್ಬೇಕು. ಇದ್ದಾರೋ ಇಲ್ವೋ ಗೊತ್ತಾಗದೆ ಅನ್ನ ಗಂಟಲಲ್ಲಿ ಇಳೀತಿಲ್ಲ.”

ಸಾಹೇಬರಿಗೆ ಪ್ರಶ್ನೆ ಹೇಳಿದಳು: ನಮ್ಮ ಮಗುವಿಗೆ ಇಡಬೇಕೆಂದಿದ್ದ ಹೆಸರೇನು? ಉತ್ತರ ಹೇಳಿ ಎಂದರು ಅವರು. “ಅದು ನನ್ನ ಹತ್ರ ಇರ್ಲಿ. ಬಂದದ್ದನ್ನ ನೀವು ಹೇಳಿ. ಸರೀನಾ ತಪ್ಪಾ ನಾನು ಹೇಳ್ತೀನಿ.”

ಈ ಸಲ ಸಾಹೇಬರು ಓಡಿಬರಲಿಲ್ಲ, ನಡೆದುಕೊಂಡು ಬಂದರು. ಟೋಪಿ ಕೈಯಲ್ಲಿತ್ತು. “ಉತ್ತರ ಬರಲಿಲ್ಲಮ್ಮಾ. ಆ ಪ್ರಶ್ನೆಗೆ ಉತ್ತರ ಕೊಡಲ್ಲ ಅಂತಾನಂತೆ.”

ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ. “ಅವರೇ! ಬದುಕಿದ್ದಾರೆ. ಹಾಗೆ ಹೇಳೋದು ಅವರೊಬ್ಬರೇ.”

“ಅಮ್ಮಾ, ಗೊತ್ತಿಲ್ಲದವನೂ ಹಾಗೇ ಹೇಳ್ತಾನೆ. ಉತ್ತರ ಬರದೆ ಮುಂದುವರಿಯೋ ಹಾಗಿಲ್ಲ ಅಂತ ಮೇಲಿನವರು ಮಾತು ನಿಲ್ಲಿಸಿದ್ದಾರೆ.”

“ಹಾಗಾದ್ರೆ ಟಾರ್ಚನ್ನೇ ಒಪ್ಕೊಳ್ಳಿ.”

“ಅದು ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದ್ರಲ್ಲಮ್ಮಾ” ಎಂದರು. ಗಡುಸಾಗಿ ಹೇಳಲಿಲ್ಲ. ಗಡುಸಾಗಿ ಹೇಳಿದ್ದರೆ ಬೈದಾದರೂ ಬೈಯಬಹುದಿತ್ತು.

ಮಾತುಕತೆ ಮತ್ತೆ ಶುರುವಾಗುವ ಹೊತ್ತಿಗೆ ಎಷ್ಟೋ ವಾರ ಕಳೆದಿತ್ತು. ಅಷ್ಟರಲ್ಲಿ ಮಕ್ಕಳ ಆಟ ತಾನಾಗಿಯೇ ನಿಂತಿತ್ತು. ಕಡೆಗೆ ಬಂದವನು ಗ್ರೀಸ್ ಒಬ್ಬನೇ. ಮೇಸ್ತ್ರಿ ಇಲ್ಲವೆಂಬ ಸುದ್ದಿ ಅವನಿಗಿಂತ ನಾಲ್ಕು ದಿನ ಮೊದಲೇ ಬಂದಿತ್ತು, ಜ್ವರದಿಂದ ಹೋದ, ಅಲ್ಲೇ ಮಣ್ಣು ಮಾಡಿದ್ದಾರೆ ಎಂದು. ಅವಳು ಅದಕ್ಕೆ ಅತ್ತಾಗಿತ್ತು. ಗ್ರೀಸ್ ಬಾಗಿಲಲ್ಲಿ ನಿಂತಾಗ, “ಒಳಗೆ ಬಾ” ಎಂದಳಷ್ಟೆ. ಅವನ ಉಗುರು ಈಗ ಬೆಳ್ಳಗಿತ್ತು. ಅದನ್ನು ನೋಡಿ ನನಗೆ ದುಃಖ ತಡೆಯಲಾಗಲಿಲ್ಲ.

ಅವನು ನೆಲ ನೋಡುತ್ತ ಹೇಳಿದ. “ದಾರೀಲೇ ನನ್ನ ಚೀಲ ಕಿತ್ಕೊಂಡ್ರು ಅತ್ತಿಗೆ, ಮಾತ್ರೆ ಎಲ್ಲ ಅದರಲ್ಲೇ ಹೋಯ್ತು. ಅಣ್ಣನ ಸೊಂಟದಲ್ಲಿ ಒಂದು ಪಟ್ಟಿ ಉಳೀತು. ಬುಧವಾರ ಬಂದ್ರೆ ಒಂದೊಂದನ್ನ ಮುರಿದು ಅರ್ಧ ನನಗೆ, ಅರ್ಧ ತಾನು. ನಾನು ಬೇಡ ಅಂದ್ರೆ, ನಿಮ್ಮ ಅತ್ತಿಗೆ ಕೇಳ್ತಾಳೆ ಕಣೋ, ನುಂಗು ಅನ್ನೋನು. ಆಮೇಲೆ ಅವನಿಗೆ ಜ್ವರ ಬಂತು. ಬಂದ ಮೇಲೆ ತಡೆಯೋ ಮಾತ್ರೆ ನನಗ್ಯಾಕೆ ಅಂತ ಮಿಕ್ಕಿದ್ದೆಲ್ಲ ನನಗೇ ಕೊಟ್ಟ.”

“ಟಾರ್ಚು ಅಂದದ್ದು ಯಾರು?”

“ನಾನು. ಅವತ್ತು ಅವನಿಗೆ ಮೈಮೇಲೆ ಎಚ್ಚರ ಇರ್ಲಿಲ್ಲ. ಅವನು ಇಲ್ಲ ಅಂದ್ಕೊಂಡ್ರೆ ಕಂಪನಿಯವರು ನಮ್ಮಿಬ್ಬರನ್ನೂ ಕೈಬಿಡ್ತಾರೇನೋ ಅಂತ ಭಯ ಆಯ್ತು.”

“ಎರಡನೇದು?”

“ಅವತ್ತು ಜ್ವರ ಇಳಿದಿತ್ತು. ಎದ್ದು ಕೂತಿದ್ದ. ಅವರು ಪ್ರಶ್ನೆ ಓದಿದ್ರು. ಅವನು ಗೋಡೆ ಕಡೆ ತಿರುಗಿದ. ಹೇಳಲ್ಲ ಅಂದ. ಒದ್ದರು. ಆದ್ರೂ ಹೇಳಲಿಲ್ಲ. ಅವರು ಹೋದ ಮೇಲೆ ನನ್ನ ಹತ್ರ ಕರೆದು, ಅವಳು ಕೇಳಿದಾಳೆ ಅಂದ್ರೆ ಅವಳಿಗೆ ತಿಳೀಲೇಬೇಕು, ನೀನು ಹೋಗ್ತೀಯ, ನೀನೇ ಹೇಳು ಅಂದ. ಹೆಸರು ಹೇಳಿಕೊಟ್ಟ. ಮರೀಬಾರ್ದು ಅಂತ ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದ.”

ಅವನು ಅದನ್ನು ಹೇಳಲು ಬಾಯಿ ತೆರೆಯುವ ಮೊದಲೇ ನಾನು ಎದ್ದು ಹೊರಗೆ ಬಂದೆ. ನನ್ನ ಮನೆಗೂ ಹೋಗಲಿಲ್ಲ, ಗೋಡೆ ಇದೆಯಲ್ಲ. ನಲ್ಲಿಯ ಹತ್ತಿರ ಹೋಗಿ ಖಾಲಿ ಕೊಡ ಇಟ್ಟುಕೊಂಡು ನಿಂತೆ.

ಆಮೇಲೆ ಅವಳು ನನಗೆ ಹೇಳಿದ್ದು ಒಂದೇ ಮಾತು. “ಬೇಡ ಅಂದಿದ್ರು. ಕೇಳಿದೆ. ಕೇಳದೇ ಇದ್ದಿದ್ರೆ ಮಾತು ನಿಲ್ತಿರಲಿಲ್ಲ.” ಅದು ಹೌದೋ ಅಲ್ಲವೋ ಇಂದಿಗೂ ನನಗೆ ತಿಳಿಯದು.

ಕಂಪನಿಯ ಡಾಕ್ಟರು ಗ್ರೀಸ್‌ಗೆ ಇನ್ನೂ ಒಂದು ತಿಂಗಳ ಮಾತ್ರೆ ಕೊಟ್ಟಿದ್ದರು. ಅವನು ಅದನ್ನು ಕಿಟಕಿಯ ಮೇಲೆ ಬಿಸಾಡಿದ್ದ. ಬುಧವಾರ ಬಂತು. ಕಾಜಾ ಅಂಗಿಯ ಗಂಟು ಪಕ್ಕಕ್ಕೆ ಸರಿಸಿ, ಲೋಟದಲ್ಲಿ ಕುದಿಸಿ ಆರಿಸಿದ ನೀರು ತೆಗೆದುಕೊಂಡು ಕೊನೆ ಮನೆಗೆ ಹೋದಳು.

“ನುಂಗಿದ್ಯಾ?”

“ಅಣ್ಣನ ಪಾಲು ನುಂಗಿ ಬದುಕಿದೀನಿ ಅತ್ತಿಗೆ. ಇನ್ನು ಗಂಟಲಲ್ಲಿ ಇಳಿಯಲ್ಲ.”

“ಬಾಯಿ ತೆಗಿ.”

“ಅತ್ತಿಗೆ...”

“ತೆಗಿ ಅಂದೆ. ನಾನು ನೋಡ್ಬೇಕು.”

ನುಂಗಿದ. ನಾಲಿಗೆ ಎತ್ತಿಸಿ ನೋಡಿ ಲೋಟ ತೊಳೆದುಕೊಂಡು ಬಂದಳು. ಒಂದು ತಿಂಗಳೂ ಹಾಗೇ ಮಾಡಿದಳು. ಅವನಿಗೆ ಜ್ವರ ಬರಲಿಲ್ಲ.

ಮಾತ್ರೆ ಮುಗಿಯಿತು. ಆಮೇಲಿನ ಬುಧವಾರ ಅವಳು ಎಂದಿನ ಹಾಗೆ ಹೊಸ್ತಿಲ ಮೇಲೆ ಕೂತು ದಾರಕ್ಕೆ ಮೇಣ ಎಳೆಯುತ್ತಿದ್ದಳು. ಗ್ರೀಸ್ ಹೊಸ ಕೆಲಸಕ್ಕೆ ಹೊರಟು ಮುಂದೆ ಹಾದುಹೋಗುತ್ತಿದ್ದ. ಅವಳು ತಲೆ ಎತ್ತಲಿಲ್ಲ, ಹಲ್ಲಿನ ಸೂಜಿಯನ್ನೂ ತೆಗೆಯಲಿಲ್ಲ.

“ನುಂಗಿದ್ಯಾ?”

ಅವನು ನಿಂತ. ಪಕ್ಕದ ಬಾಗಿಲಲ್ಲಿದ್ದ ನನ್ನ ಕಡೆ ಒಮ್ಮೆ ನೋಡಿದ.

“ನುಂಗಿದೆ ಅತ್ತಿಗೆ” ಎಂದ.